ಸಿದ್ದಯ್ಯ ಕುಡಿದಿರಲಿಲ್ಲ

ಸೆಪ್ಟೆಂಬರ್ 16, ಮಂಗಳವಾರ

ಒಡೆದ ತುಟಿ ಇನ್ನೂ ಉರಿಯುತ್ತಿದೆ. ಇದು ಸಿದ್ದಯ್ಯನ ಏಟು, ಆದರೂ ಅವನ ಮೇಲೆ ಸಿಟ್ಟಿಲ್ಲ.

ಬೆಳಿಗ್ಗೆ ಸಕ್ಕರೆ ಕಾಯಿಲೆ ತಪಾಸಣೆಗೆಂದು ಹೆತ್ತೂರಿನ ಎಸ್ಟೇಟಿಗೆ ಹೋದಾಗ ಅಲ್ಲಿನ ಆಳುಗಳು ಅವನನ್ನು ಸ್ಟೋರಿನ ಕಂಬಕ್ಕೆ ಕಟ್ಟಿ ಬಡಿಯುತ್ತಿದ್ದರು. ಕಳೆ ಸವರುತ್ತಿದ್ದವನು ಇದ್ದಕ್ಕಿದ್ದಂತೆ ಕತ್ತಿ ಬೀಸಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜಯಕುಮಾರರ ತೋಳು ಸೀಳಿದ್ದನಂತೆ.

"ಕುಡ್ಕಂಡ್ ಬಂದವ್ನೆ ಕಣ್ರೀ ಸಿಸ್ಟರ್! ಬಡೀರೋ ಇನ್ನೂ!" ರೈಟರ್ ರಕ್ತ ಸುರಿಸುತ್ತಲೇ ಕಿರುಚಿದರು.

"ಕುಡ್ದಿಲ್ಲ ಕಣವ್ವ, ಇನ್ಸುಲಿನ್ ಚುಚ್ಕಂಡು ಉಣ್ದೆ ಬಂದ್ಬುಟ್ಟ," ಎಂದು ಅವನ ಹೆಂಡತಿ ತಾಯಮ್ಮ ನನ್ನ ಕಾಲು ಹಿಡಿದಳು.

ಸಕ್ಕರೆ ತೀರಾ ಇಳಿದರೆ ಮನುಷ್ಯ ಹೀಗೂ ರೇಗುತ್ತಾನೆಂದು ವಿಶ್ವವಿದ್ಯಾಲಯದ ಮಧುಮೇಹ ಕೇಂದ್ರದ ತರಬೇತಿಯಲ್ಲಿ ಕಲಿತಿದ್ದೆ. ಅಡ್ಡ ನುಗ್ಗಿದೆ, ನನ್ನ ಬೆನ್ನಿಗೂ ದೊಣ್ಣೆ ಬಿತ್ತು. ಬೆಲ್ಲದ ನೀರು ಬಾಯಿಗಿಟ್ಟರೆ ಸಿದ್ದಯ್ಯ ತಲೆಯಿಂದ ನನ್ನ ತುಟಿಗೆ ಗುದ್ದಿದ. ಬಿಡದೆ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಅವನ ಕಣ್ಣು ತಿಳಿಯಾಯಿತು.

"ನನ್ನ ಯಾಕ್ರೋ ಕಟ್ಟಿದ್ದೀರಿ?" ಎಂದ. ಬಡಿದವರೇ ಹಗ್ಗ ಬಿಚ್ಚಿದರು. ಅವನ ಎರಡು ಪಕ್ಕೆಲುಬು ಮುರಿದಿವೆ.

ಆಸ್ಪತ್ರೆಯಲ್ಲಿ ತೋಳಿಗೆ ಹೊಲಿಗೆ ಹಾಕಿಸಿಕೊಂಡ ರೈಟರ್, "ಮುಂದ್ಲ ತರಬೇತಿಗೆ ನನ್ನೂ ಕಳ್ಸಿ ಸಿಸ್ಟರ್," ಎಂದರು. ಹೂಂ ಎಂದೆ. ಕಳಿಸುತ್ತೇನೆ ಕೂಡ. ಆದರೆ ಆಗ ನನಗಿದ್ದ ಆಸೆ ಒಂದೇ, ಆ ಹೊಲಿಗೆಯನ್ನು ಉಗುರಿನಿಂದ ಕಿತ್ತುಹಾಕುವುದು. ಈಗಲೂ ಅದೇ.