ನಕ್ಷತ್ರ ಬೇಡವೆಂದು ಬರೆದ ಅರ್ಜಿ

ನ್ಯೂಕ್ಯಾಸಲ್, ನ್ಯೂ ಸೌತ್ ವೇಲ್ಸ್
೧೪ ಆಗಸ್ಟ್ ೨೦೧೯

ಮಗಳೇ ಕ್ರಿಸಾಂಥಿ,

ನಿನ್ನ ಅಮ್ಮ ಗಟ್ಟಿಯಾಗಿದ್ದಾಳೆ. ಮೊಣಕಾಲು ಮಾತ್ರ ಅವಳ ಮಾತು ಕೇಳುವುದಿಲ್ಲ. ಹದಿನಾರು ತಿಂಗಳಿಂದ ನೀನೂ ಬರೆದಿಲ್ಲ, ನಾನೂ ಬರೆದಿಲ್ಲ. ಈಗ ನಾನು ಮೊದಲು ಬರೆಯುತ್ತಿದ್ದೇನೆ ಎಂದು ಹೋಬಾರ್ಟಿನಲ್ಲಿ ಕುಳಿತು ನಗಬೇಡ.

ನಮ್ಮ ಕಟ್ಟಡಕ್ಕೆ ನಕ್ಷತ್ರ ಬಂತು. ಆರಕ್ಕೆ ಎರಡು.

ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಬರೆಯುತ್ತೇನೆ, ಸಹಿಸಿಕೋ. ಎಲ್ಲಿ ತಪ್ಪಿದೆ ಎಂದು ನನಗೆ ಕ್ರಮವಾಗಿ ಕಾಣಬೇಕಾಗಿದೆ. ಕಳೆದ ವರ್ಷ ಮೇಲಿನ ಎರಡು ಮಹಡಿ ಖಾಲಿಯಾದಾಗ ಏಜೆಂಟ್ ಟ್ರೆವರ್ ಬಂದು, "ಮಿಸೆಸ್ ಲೂರಾಂಡೋಸ್, ಇಷ್ಟು ದೊಡ್ಡ ಆಫೀಸು ಜಾಗ ಬಾಡಿಗೆಗಿದೆ ಅಂತ ಜಾಹೀರಾತು ಕೊಡ್ಬೇಕಾದ್ರೆ, ಕಟ್ಟಡ ಎಷ್ಟು ಕರೆಂಟ್ ತಿನ್ನುತ್ತೆ ಅಂತ ತೋರಿಸೋ ನಕ್ಷತ್ರಾನೂ ಅದ್ರಲ್ಲೇ ಹಾಕ್ಬೇಕು, ಕಾನೂನು. ಕಡಿಮೆ ತಿಂದ್ರೆ ಹೆಚ್ಚು ನಕ್ಷತ್ರ," ಎಂದ. ಗೋಡೆಯ ಮೇಲೆ ನಿನ್ನ ಬಾಬಾನ ಹೆಸರು ಕಲ್ಲಿನಲ್ಲಿ ಕೊರೆದಿದೆ. "ಅದ್ರ ಪಕ್ಕ ಮಾರ್ಕ್ಸ್ ಹಾಕೋಕೆ ನನ್ನ ಗಂಡ ಏನು ಶಾಲೆ ಹುಡುಗನಾ?" ಎಂದು ಕೇಳಿದೆ. ಅವನು ಹೆದರಿ, "ಅಳೆಯೋಕೇ ಆಗದ ಕಟ್ಟಡ ಆದ್ರೆ ವಿನಾಯಿತಿ ಉಂಟು," ಎಂದ.

ನನಗೆ ಅಷ್ಟೇ ಬೇಕಾಗಿತ್ತು. ಇಡೀ ಕಟ್ಟಡಕ್ಕೆ ಒಂದೇ ಮೀಟರು. ಬಾಡಿಗೆಗೆ ಬಂದವರು ದೀಪ ಹಾಕುವಾಗ ಯೋಚಿಸಬಾರದು ಎಂದು ಬಾಬಾ ಬೆಳಕನ್ನೂ ಬಾಡಿಗೆಯಲ್ಲೇ ಸೇರಿಸಿಬಿಟ್ಟಿದ್ದರು. ಕೆಳಗೆ ಬೆರಿಲ್‌ಳ ಬೇಕರಿಯ ಒಲೆಗಳೂ ಅದರಲ್ಲೇ, ಮೇಲಿನ ಆಫೀಸುಗಳೂ ಅದರಲ್ಲೇ. ಒಲೆ ತಿಂದದ್ದೆಷ್ಟು, ಆಫೀಸು ತಿಂದದ್ದೆಷ್ಟು, ಯಾರು ಹೇಳಬಲ್ಲರು? ಕಟ್ಟಡಗಳಿಗೆ ನಕ್ಷತ್ರ ಎಣಿಸುವುದೇ ಮಗಳ ಕೆಲಸ. ಅವಳು ಒಂದು ಕಾಗದ ಬರೆದುಕೊಟ್ಟರೆ ಮುಗಿಯಿತು ಎಂದುಕೊಂಡೆ. ಪಾಸ್ಖಾಕ್ಕೆ, ನಮ್ಮ ಈಸ್ಟರಿಗೆ, ಬಾ ಎಂದು ನಿನ್ನನ್ನು ಕರೆದದ್ದು ಹಬ್ಬಕ್ಕಲ್ಲ, ಅದಕ್ಕೆ. ನಿನಗೆ ಅದು ಆಗಲೇ ತಿಳಿದಿತ್ತು ಎಂದು ಬಲ್ಲೆ.

ನೀನು ಕಾಗದ ಬರೆಯಲಿಲ್ಲ. ಏಣಿ ತರಿಸಿದೆ. ಮೂರು ದಿನ ಛಾವಣಿಯ ಸಂದಿನಲ್ಲಿ ಹೊಟ್ಟೆಯ ಮೇಲೆ ತೆವಳಿ ಒಂದೊಂದೇ ತಂತಿ ಹಿಡಿದು ಹೋದೆ. ತಲೆತುಂಬ ಜೇಡರ ಬಲೆ, ಒಳ್ಳೆಯ ಪ್ಯಾಂಟು ಹಾಳು. ಬೆರಿಲ್‌ಳಿಂದ ಒಲೆಗಳನ್ನು ಒಂದೊಂದಾಗಿ ಆಫ್ ಮಾಡಿಸಿ, ಮತ್ತೆ ಹಚ್ಚಿಸಿ, ಬರೆದುಕೊಂಡೆ. ಅವಳು ನನ್ನ ಬಳಿ ಬಂದು, "ನಿಮ್ಮ ಮಗಳು ನನ್ನ ಪೈಗಳನ್ನೆಲ್ಲ ಅರೆಬೆಂದದ್ದು ಮಾಡಿದ್ಲು. ಆದ್ರೆ ಬಯ್ಯೋಕೆ ಬಾಯಿ ಬರ್ಲಿಲ್ಲ ಕಣ್ರೀ, ಅಷ್ಟು ಚೆನ್ನಾಗಿ ಕೆಲಸ ಮಾಡ್ತಾಳೆ," ಎಂದಳು. ನಾನು ಒಳಗೆ ಹೋಗಿ ನಿನಗೆ ಬೇಳೆ ಸಾರು ಬಿಸಿ ಮಾಡಿದೆ. ನಿನ್ನ ಬಗ್ಗೆ ಯಾರಾದರೂ ಒಳ್ಳೆಯದು ಹೇಳಿದರೆ ನನ್ನ ಕೈಗೆ ಕೆಲಸ ಬೇಕಾಗುತ್ತದೆ.

ಮೂರನೆಯ ದಿನ ನೀನು ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹಾಸಿ, "ಮಮಾ, ಒಲೆಗಳ ತಂತಿ ಬೋರ್ಡಿಂದಲೇ ಬೇರೆ ಹೋಗುತ್ತೆ. ಅದಕ್ಕೊಂದು ಚಿಕ್ಕ ಮೀಟರ್ ಕೂರಿಸಿ, ಒಂದು ವರ್ಷ ಬರೆದಿಟ್ಟು, ಒಟ್ಟಿನಲ್ಲಿ ಕಳೆದ್ರೆ ಆಯ್ತು. ಈ ಕಟ್ಟಡಾನ ಅಳೆಯಬಹುದು," ಎಂದೆ. ಒಂದು ವರ್ಷ ಎರಡು ಮಹಡಿ ಖಾಲಿ! ನಾನು ಕಿರುಚಿದೆ. "ನಿನ್ನ ಅಪ್ಪ ಕಟ್ಟಿದ್ದಕ್ಕೆ ನಕ್ಷತ್ರ ಕೊಡೋಕೆ ನೀನ್ಯಾರೇ?" ಎಂದೆ. ನೀನು ದನಿ ಏರಿಸಲಿಲ್ಲ. "ನಾನು ಕೊಡಲ್ಲ ಮಮಾ, ಸ್ವಂತ ಮನೆಯವರ ಕಟ್ಟಡಕ್ಕೆ ಕೊಡೋ ಹಾಗೂ ಇಲ್ಲ. ಆದ್ರೆ ಕೊಡೋಕಾಗಲ್ಲ ಅಂತ ಸುಳ್ಳೂ ಬರೆಯಲ್ಲ," ಎಂದು ಹೇಳಿ ಬ್ಯಾಗು ಎತ್ತಿಕೊಂಡೆ. ಹಬ್ಬದ ಕೆಂಪು ಮೊಟ್ಟೆ ಕೂಡ ಒಡೆಯದೆ ಹೋದೆ.

ನೀನು ಹೋದ ಮೇಲೆ ವಿನಾಯಿತಿಗೆ ನಾನೇ ಅರ್ಜಿ ಹಾಕಿದೆ. ಮೂರು ವಾರದ ನಂತರ ನಾನೇ ಹಿಂದಕ್ಕೆ ತೆಗೆದುಕೊಂಡೆ. ಫಾರಂ ತುಂಬಿ ತುಂಬಿ ಬೇಸರವಾಗಿತ್ತು, ಮತ್ತೇನಿಲ್ಲ.

ನೀನು ಹೇಳಿದ ಜಾಗದಲ್ಲೇ ಮೀಟರು ಕೂರಿಸಿದೆ. ಒಂದು ವರ್ಷ ಮೇಲಿನ ಮಹಡಿಗಳಲ್ಲಿ ನನ್ನ ಹೆಜ್ಜೆ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಜುಲೈಯಲ್ಲಿ ಮೇಟ್‌ಲ್ಯಾಂಡಿನಿಂದ ಅಳೆಯುವವನೊಬ್ಬ ಬಂದ, ಬೋಳುತಲೆಯ ಗಂಭೀರ ಮನುಷ್ಯ. ನಿನ್ನ ನಕ್ಷೆ ಕೊಟ್ಟೆ. ನಿಂತಲ್ಲೇ ನೋಡಿ, "ಇದನ್ನ ಮಾಡಿದ್ದು ಯಾರಮ್ಮಾ? ನನ್ನ ಎರಡು ದಿನದ ಕೆಲಸ ಉಳೀತಲ್ಲ!" ಎಂದ. "ನನ್ನ ಮಗಳು," ಎಂದೆ. ಆ ದಿನ ಮೊಣಕಾಲು ನೋಯಲಿಲ್ಲ.

ಈಗ ಜಾಹೀರಾತಿನಲ್ಲಿ ಬಾಬಾನ ಹೆಸರು, ಅದರ ಪಕ್ಕದಲ್ಲೇ ಎರಡು ನಕ್ಷತ್ರ. ಭಾನುವಾರ ಚರ್ಚಿನ ಬಾಗಿಲಲ್ಲಿ ಆರ್ತೆಮಿಸಿಯಾ ಎಲ್ಲರಿಗೂ ಕೇಳುವ ಹಾಗೆ, "ಏನೇ ಸ್ತಮಾಟಾ, ಎರಡೇನಾ?" ಎಂದಳು. "ಎರಡೇ ಕಣೇ. ಆದ್ರೆ ಅಳೆಸಿದ ಎರಡು. ನಿನ್ನ ಮಗನ ಕಟ್ಟಡಕ್ಕೆ ಎಷ್ಟು ಬಂತು ಅಂತ ಕೇಳಿ ಹೇಳು," ಎಂದೆ. ಅವಳಿಗೆ ಥಟ್ಟನೆ ಮೇಣದ ಬತ್ತಿ ಹಚ್ಚಬೇಕೆಂದು ನೆನಪಾಯಿತು, ಒಳಗೆ ಹೋದಳು.

ಸೋಮವಾರ ಒಬ್ಬ ವಕೀಲೆ ಬಂದು ಎರಡೂ ಮಹಡಿ ನೋಡಿದಳು. ಕಿಟಕಿಗಳು ಹಿಡಿಸಿದವು. "ಎರಡನ್ನ ಮೂರು ಮಾಡೋದಾದ್ರೆ ಬರ್ತೀನಿ," ಎಂದಳು. ಮಾಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಕರೆಂಟ್ ತಿನ್ನುವ ಹಳೆಯ ಸಾಮಾನುಗಳಲ್ಲಿ ಯಾವುದನ್ನು ತೆಗೆಯಬೇಕು, ಯಾವುದನ್ನು ಇಡಬೇಕು ಎಂದು ಹೇಳಲು ಟ್ರೆವರ್ ಮೂವರನ್ನು ಕರೆತಂದ. ಮೂವರನ್ನೂ ಕಾಫಿ ಕೊಟ್ಟು ಕಳಿಸಿದೆ. ಬಾಬಾ ಕೈಯಾರೆ ಕೂರಿಸಿದ್ದನ್ನು ಬಿಚ್ಚು ಎಂದು ನನಗೆ ಹೇಳಬಲ್ಲವಳು ಒಬ್ಬಳೇ. ಅವಳು ಹೇಳಿದರೆ ಬಿಚ್ಚುತ್ತೇನೆ.

ಬಾ. ಈ ಸಲ ಒಳ್ಳೆಯ ಪ್ಯಾಂಟು ತರಬೇಡ.

ನಿನ್ನ ಅಮ್ಮ,
ಸ್ತಮಾಟಾ ಲೂರಾಂಡೋಸ್

ಮತ್ತೊಂದು ಮಾತು: ಫಾರಂ ಬೇಸರವಾಯಿತು ಎಂದು ಮೇಲೆ ಬರೆದದ್ದು ನಿಜವಲ್ಲ. ಕಾಗದ ಹಾಳು ಮಾಡುವುದು ಬೇಡವೆಂದು ಹೊಡೆದುಹಾಕಿಲ್ಲ. ಅರ್ಜಿ ನೋಡುವ ಅಧಿಕಾರಿ ಫೋನು ಮಾಡಿದ್ದರು. ತಂತಿಗಳನ್ನು ಯಾರಾದರೂ ಪರೀಕ್ಷೆ ಮಾಡಿದ್ದಾರೆಯೇ ಎಂದು ಕೇಳಿದರು. ನಿನ್ನ ಹೆಸರು ಬಾಯಿಂದ ಬಂದುಬಿಟ್ಟಿತು. ಅವರು "ಕ್ರಿಸಾಂಥಿ ಲೂರಾಂಡೋಸಾ? ಅವ್ರ ಕೆಲಸ ನಾನು ನೋಡಿದೀನಿ. ಅವ್ರು ಅಳೆಯೋಕಾಗಲ್ಲ ಅಂದಿದ್ರೆ ನನಗೆ ಬೇರೆ ಸಾಕ್ಷಿ ಬೇಕಾಗಿಲ್ಲ. ಏನಂದ್ರು ಅವ್ರು?" ಎಂದರು. ಆಗಲ್ಲ ಅಂದಳು ಎನ್ನುವುದು ನನ್ನ ನಾಲಿಗೆಯ ತುದಿಯಲ್ಲಿತ್ತು. ಹಾಗೆಂದಿದ್ದರೆ ಬಾಬಾನ ಹೆಸರು ಕಲ್ಲಿನ ಮೇಲೆ ಹೇಗಿತ್ತೋ ಹಾಗೇ, ನಕ್ಷತ್ರವಿಲ್ಲದೆ, ಉಳಿಯುತ್ತಿತ್ತು. "ಅಳೆಯಬಹುದು ಅಂದ್ಲು," ಎಂದೆ, ಫೋನು ಇಟ್ಟೆ.