ಹತ್ತಿ ಡಬ್ಬಿಯ ನಾಲ್ಕು ಚುಚ್ಚುಮದ್ದು

ಪ್ರೀತಿಯ ಅಮ್ಮಾ,

ನೀನು ಬೆಳಗಿನ ಪಾಳಿಗೆ ಹೊರಡುವಾಗ ನನಗೆ ಎಚ್ಚರವಾಗುವುದಿಲ್ಲ. ಅದಕ್ಕೇ ಈ ಚೀಟಿಯನ್ನು ನಿನ್ನ ಊಟದ ಡಬ್ಬಿಯ ಮೇಲಿಟ್ಟಿದ್ದೇನೆ.

ನಿನ್ನೆ ನಿಮ್ಮ ಆಸ್ಪತ್ರೆಯಲ್ಲಿ ನಮ್ಮ ಹೊಸ ಔಷಧಿ ಲೆಕ್ಕದ ವ್ಯವಸ್ಥೆ ಶುರುವಾಯಿತಮ್ಮಾ. ಆಸ್ಪತ್ರೆಯ ಹತ್ತು ವರ್ಷದ ದಾಖಲೆಗಳಿರುವ ಡೇಟಾ ಉಗ್ರಾಣಕ್ಕೆ, ಈ ಕ್ಷಣದ ಲೆಕ್ಕವನ್ನು ಕಂಪ್ಯೂಟರಿನ ಮೆಮೊರಿಯಲ್ಲೇ ಹಿಡಿದಿಡುವ ಡೇಟಾಬೇಸನ್ನು ಜೋಡಿಸಿಬಿಟ್ಟೆವು. ನೀನು ಒಂದು ಚುಚ್ಚುಮದ್ದು ತೆಗೆದು ಸ್ಕ್ಯಾನ್ ಮಾಡಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಔಷಧಿ ಸ್ಟೋರಿಗೆ ಗೊತ್ತಾಗಿ ಇನ್ನೊಂದು ಹೊರಡುತ್ತದೆ. ಮರುದಿನದ ಪಟ್ಟಿಗೆ ಕಾಯುವ ಕಾಲ ಮುಗಿಯಿತು. ನನಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಆದರೆ ಪರದೆಯಲ್ಲಿ ಕೆಂಪಾಗಿರುವುದು ನಿನ್ನ ವಾರ್ಡ್ ಒಂದೇ. ಬಂದದ್ದು, ಬಳಸಿದ್ದು, ಉಳಿದದ್ದು ತಾಳೆ ನೋಡಿದರೆ ನಾಲ್ಕು ಚುಚ್ಚುಮದ್ದು ಕಡಿಮೆ. "ನಿಮ್ಮ ಯಂತ್ರಕ್ಕೆ ಎಣಿಸೋಕೆ ಬರಲ್ಲ ಬಿಡಿ" ಎಂದು ಸ್ಟೋರಿನವರು ನಕ್ಕರು. ಲೆಕ್ಕ ತಪ್ಪಿಲ್ಲಮ್ಮಾ. ಸ್ಟಾಕ್ ಮುಗಿದ ದಿನ ರೋಗಿಯ ಮುಂದೆ ಕೈಕಟ್ಟಿ ನಿಲ್ಲಬಾರದೆಂದು ನೀನು ಹತ್ತಿ ಡಬ್ಬಿಯಲ್ಲಿ ಬಚ್ಚಿಡುವುದು ನನಗೆ ಚಿಕ್ಕಂದಿನಿಂದ ಗೊತ್ತು.

ಇವತ್ತು ಹತ್ತು ಗಂಟೆಗೆ ದೊಡ್ಡ ಡಾಕ್ಟರು ಈ ಪರದೆ ನೋಡಲು ಬರುತ್ತಾರೆ. ಅಷ್ಟರೊಳಗೆ ಆ ನಾಲ್ಕನ್ನೂ ಕಪಾಟಿಗಿಟ್ಟು ಸ್ಕ್ಯಾನ್ ಮಾಡಿಬಿಡು. ಯಂತ್ರವನ್ನು ನಂಬು ಎನ್ನುತ್ತಿಲ್ಲ. ಅದನ್ನು ಕಟ್ಟಿದ್ದು ನಾನು.

ಒಂಬತ್ತರಿಂದಲೇ ಪರದೆಯ ಮುಂದೆ ಕೂತಿರುತ್ತೇನೆ.

ನಿನ್ನ ಮಗಳು