ಬೂಷ್ಟೆಂದು ನೀವು ತೊಳೆಸಿದ್ದು

ಸಂಶೋಧನಾ ಕೇಂದ್ರದ ಮಾನ್ಯ ನಿರ್ದೇಶಕರೇ,

ಪರಿಶೀಲನಾ ಸಮಿತಿ ಬರುವ ಹಿಂದಿನ ದಿನ ಬೂಷ್ಟೆಂದು ನೀವು ಫಿನಾಯಿಲ್ ಹಾಕಿಸಿ ತೊಳೆಸಿದ್ದು ನನ್ನ ನಾಲ್ಕು ವರ್ಷದ ಸಂಶೋಧನೆ. ‘ಪ್ರಯೋಗಾಲಯದ ಸ್ವಚ್ಛತೆ ಅತ್ಯುತ್ತಮ’ ಎಂದು ಸಮಿತಿ ಬರೆದುಹೋಯಿತಂತೆ. ಅಭಿನಂದನೆಗಳು.

ಆ ಬೂಷ್ಟು ಎಲ್ಲಿಂದ ಬಂತೆಂದು ನೀವು ಕೇಳಲಿಲ್ಲ; ಹೇಳುತ್ತೇನೆ. ಹಿರೇಕೆರೂರಿನ ಸಂತೆಯಲ್ಲಿ ನಾರುಬೇರು ಮಾರುವ ಹೊಳೆವ್ವ, ಹಾನಗಲ್ಲಿನ ಆಚೆ ಒಂದು ಬದುವಿನ ಮೇಲಿದ್ದ ಸೊಗದೆ ಬಳ್ಳಿ ತೋರಿಸಿದಳು. ಅದರ ಬೇರಿನೊಳಗೆ, ಬೇರಿಗೆ ಯಾವ ತೊಂದರೆಯನ್ನೂ ಕೊಡದೆ, ಒಂದು ಶಿಲೀಂಧ್ರ ಬದುಕಿತ್ತು. ಅದನ್ನು ಬೇರ್ಪಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸಿದೆ. ಸವಣೂರಿನಲ್ಲಿ ನಮ್ಮ ನೆರೆಯವರಾದ ಹಾಜರಾಬಿಯವರ ಕಾಲಿನ ಹುಣ್ಣು ಎಂಟು ತಿಂಗಳಾದರೂ ಮಾಯ್ದಿರಲಿಲ್ಲ. ಆಸ್ಪತ್ರೆಯವರು ಕೊಟ್ಟ ಒಂದು ಆ್ಯಂಟಿಬಯೋಟಿಕ್ಕೂ ನಾಟಿರಲಿಲ್ಲ. ಅವರನ್ನು ಕೇಳಿಯೇ ಆ ಕೀವಿನಿಂದ ಬ್ಯಾಕ್ಟೀರಿಯಾ ತೆಗೆದು ಅದೇ ತಟ್ಟೆಯಲ್ಲಿ ಬಿಟ್ಟೆ. ಮರುದಿನ ತಟ್ಟೆಯ ತುಂಬ ಬ್ಯಾಕ್ಟೀರಿಯಾ. ಶಿಲೀಂಧ್ರದ ಸುತ್ತ ಮಾತ್ರ ಹೆಬ್ಬೆರಳಿನಗಲ ಖಾಲಿ. ಅಲ್ಲಿ ಒಂದೂ ಬೆಳೆದಿರಲಿಲ್ಲ.

ಫೋಟೊ ತೋರಿಸಿದಾಗ ಹಾಜರಾಬಿ, “ಇದನ್ನ ನನ್ನ ಕಾಲಿಗೆ ಯಾವಾಗ ಹಚ್ಚತೀಯವ್ವಾ?” ಎಂದರು.

“ಔಷಧ ಆಗಾಕ ಹತ್ತ ವರ್ಷ ಬೇಕ್ರಿ ಚಾಚಿ. ಆಗೇ ಆಗತೈತಿ ಅಂತ ಹೇಳಾಕೂ ಬರೂದಿಲ್ಲ.”

“ಹಂಗಾರ ನನಗಲ್ಲ ಬಿಡು. ಮುಂದ ಯಾರಿಗರೆ ಆಗಲಿ. ನೀ ಮಾತ್ರ ಬಿಡಬ್ಯಾಡ.”

ಅದಾದ ಹದಿನೇಳನೇ ದಿನ ನಂಜು ರಕ್ತಕ್ಕೇರಿ ತೀರಿಕೊಂಡರು. ಅವರ ಮಣ್ಣಿಗೆಂದು ನಾನು ಮೂರು ದಿನ ರಜೆ ಹಾಕಿದೆ. ನಿಮಗೆ ಸ್ವಚ್ಛತೆ ನೆನಪಾದದ್ದೂ ಆ ಮೂರು ದಿನಗಳಲ್ಲೇ.

ಮರಳಿ ಬಂದಾಗ ತಟ್ಟೆಗಳು ಲಕಲಕ ಹೊಳೆಯುತ್ತಿದ್ದವು. ಫ್ರಿಜ್ಜಿನಲ್ಲಿ ಕಾದಿಟ್ಟಿದ್ದ ಕೊಳವೆಗಳೂ ಬರಿದಾಗಿದ್ದವು. ಪ್ರಯೋಗಾಲಯದ ಸಹಾಯಕ ಮುಜಾಫರ ತಲೆ ಎತ್ತಲಿಲ್ಲ. “ಎಲ್ಲಾದರ ಮ್ಯಾಲೂ ಹೆಸರಿನ ಚೀಟಿ ಅದಾವ್ರಿ ಅಂತ ಹೇಳಿದೆ ಅಕ್ಕಾರ. ‘ಬೂಷ್ಟಕ್ಕ ಎಂಥಾ ಹೆಸರು, ಒಗಿ’ ಅಂದ್ರು ಸಾಹೇಬ್ರು.”

ಜೀವವಿಜ್ಞಾನದಲ್ಲೇ ಡಾಕ್ಟರೇಟ್ ಪಡೆದವರಲ್ಲವೇ ತಾವು? ಪೆನಿಸಿಲಿನ್ನೂ ಬೂಷ್ಟಿನಿಂದಲೇ ಬಂತೆಂಬ ಶಾಲೆಯ ಪಾಠವನ್ನು ತಮಗೆ ನಾನು ಒಪ್ಪಿಸಬೇಕೇ?

‘ಮತ್ತೆ ಬೆಳೆಸಿಕೊಳ್ಳಿ’ ಎಂದಿರಿ. ಹೊಳೆವ್ವನ ಜೊತೆ ಹೋದೆ. ಮೊದಲ ಬಳ್ಳಿ ಇದ್ದಲ್ಲಿ ರಸ್ತೆ ಅಗಲವಾಗಿತ್ತು, ಬದು ಇರಲಿಲ್ಲ. “ಸೊಗದಿ ಬ್ಯಾರೆ ಕಡೆನೂ ಸಿಗತೈತಿ, ನಡಿಯವ್ವಾ” ಎಂದಳು. ಶಿಗ್ಗಾವಿ, ಬಂಕಾಪುರ, ಚಿಕ್ಕೇರೂರು ಸುತ್ತಿ ನಲವತ್ತಮೂರು ಬೇರು ತಂದೆ. ಬಳ್ಳಿ ಅದೇ, ಒಳಗಿನ ಜೀವ ಬೇರೆ. ಆಸ್ಪತ್ರೆಯಿಂದ ಅಂಥದೇ ಬ್ಯಾಕ್ಟೀರಿಯಾ ತಂದು ಹಾಕಿ ನೋಡಿದೆ. ಎಲ್ಲ ತಟ್ಟೆಗಳಲ್ಲೂ ಅದು ಅಂಚಿನಿಂದ ಅಂಚಿಗೆ ಸೊಂಪಾಗಿ ಬೆಳೆಯಿತು.

ನಾನು ಅನುದಾನ ಕೇಳುತ್ತಿಲ್ಲ, ಕ್ಷಮೆಯನ್ನೂ ಕೇಳುತ್ತಿಲ್ಲ. ಕೇಂದ್ರದ ದಾಖಲೆಯಲ್ಲಿ ಒಂದು ಸಾಲು ಬರೆಸಿ: ಇಂಥ ದಿನ, ಇಂಥವರ ಆದೇಶದಂತೆ, ಇಂಥ ಬೇರಿನ ಶಿಲೀಂಧ್ರ ನಾಶವಾಯಿತು. ಮುಂದೆ ಯಾರಾದರೂ ಹುಡುಕಲು ಹೊರಟರೆ, ಅಂಥದೊಂದು ಇತ್ತೆಂದಾದರೂ ತಿಳಿಯಲಿ. ನೀವು ಬರೆಸುವುದಿಲ್ಲವೆಂದು ಗೊತ್ತು. ಅದಕ್ಕೇ ನಾಲ್ಕು ಜನ ಓದುವಲ್ಲಿ ನಾನೇ ಬರೆದಿದ್ದೇನೆ.

ಇಂತಿ,
ಒಪ್ಪಿಸಲು ಪ್ರಬಂಧವೇ ಇಲ್ಲದ ಸಂಶೋಧನಾ ವಿದ್ಯಾರ್ಥಿನಿ,
ತನುಜಾ, ಸವಣೂರು